ತೆಲುಗು ಪತ್ರವೂ ಕನ್ನಡದ ಮನೆಯೂ
ಗೌರಿಬಿದನೂರಿಗೆ ಹಿಂದೂಪುರವೂ ಚಿಂತಾಮಣಿಗೆ ಮದನಪಲ್ಲಿಯೂ ನೆರೆಯೂರುಗಳು. ಬೀಗತನ, ವ್ಯವಹಾರಗಳು ಗಡಿ ದಾಟಿರುವ ಭಕ್ತಮನೆತನಗಳ ಪೆಟ್ಟಿಗೆಯಲ್ಲಿ ತೆಲುಗು ಪತ್ರಗಳಿದ್ದರೆ ಆಶ್ಚರ್ಯವಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಆಧರಿಸಿ ಭೀಮಕವಿಯು 1369ರಲ್ಲಿ ಕನ್ನಡದ ಬಸವಪುರಾಣವನ್ನು ರಚಿಸಿದನು. ಹಿಗ್ಗಿಸುವ, ಕುಗ್ಗಿಸುವ ಸ್ವಾತಂತ್ರ್ಯ ಕವಿಗುಂಟು. ಆಸ್ತಿಪತ್ರದ ಅನುವಾದಕನಿಗೆ ಅದು ಸಲ್ಲದು. ತೆಲುಗಿನ ‘ತನಖಾ’ ಎಂದರೆ ಅಡಮಾನ. ಅದನ್ನು ನಮ್ಮ ‘ತನಿಖೆ’ ಎಂದು ತಿಳಿದವನು ಜಮೀನಿನ ಮೇಲಿರುವ ಸಾಲವನ್ನೇ ಕಾಣದೆ ಕ್ರಯಕ್ಕೆ ಕೈಹಾಕುತ್ತಾನೆ. ಮನೆಯಲ್ಲಿ ತೆಲುಗಾಡಿದ ಮಾತ್ರಕ್ಕೆ ಪತ್ರ ಓದಲು ಬಂತೆಂದು ನಾವು ಒಪ್ಪಲಾರೆವು.

1908ರ ನೋಂದಣಿ ಕಾಯಿದೆಯ 19ನೆಯ ಕಲಮು ಈ ವಿಷಯದಲ್ಲಿ ಖಚಿತವಾಗಿದೆ. ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರಕ್ಕೆ ಜಿಲ್ಲೆಯ ಬಳಕೆಯ ಭಾಷೆಯಲ್ಲಿ ಯಥಾರ್ಥ ಅನುವಾದವನ್ನೂ ಮೂಲದ ಯಥಾಪ್ರತಿಯನ್ನೂ ಲಗತ್ತಿಸದಿದ್ದರೆ ನೋಂದಣಿಯಾಗದು.

ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆದಾರರು ಪರದೇಶದ ಯಂತ್ರ ತರಿಸುವಾಗಲೂ, ಚಿಕ್ಕಬಳ್ಳಾಪುರದ ತರುಣರು ಜರ್ಮನಿಯ ನೌಕರಿಗೆ ಹೊರಟಾಗಲೂ ಇದೇ ತೊಡಕು. ನೇರ ಅನುವಾದಕರು ದೊರೆಯದೆ ಇಂಗ್ಲಿಷಿನ ಮೂಲಕ ಬಂದರೆ ತಪ್ಪಿಗೆ ಎರಡು ಬಾಗಿಲು ತೆರೆದಂತೆ. ಭಾಷೆಗಳ ನಡುವೆ ಭೇದ ಬಂದಲ್ಲಿ ಯಾವ ಪ್ರತಿ ಪ್ರಮಾಣವೆಂಬುದನ್ನು ಕರಾರಿನಲ್ಲಿಯೇ ಬರೆಸಿ, ವಕೀಲರಿಗೆ ತೋರಿಸಿದ ಬಳಿಕವೇ ರುಜು ಹಾಕತಕ್ಕದ್ದು.