ಹೊಗೆ ಅಳೆಯುವ ಯಂತ್ರಕ್ಕೇ ಉಸಿರು ಕಟ್ಟಿದರೆ?

ರೊಳ್ಳ: ಶಿರಾ ಕಡೆ ಹೋದರೆ ಅದು ‘ಎಮಿಷನ್ ಟೆಸ್ಟ್’, ಮಡಕಶಿರಾ ಕಡೆ ಬಂದರೆ ‘ಪೊಲ್ಯೂಷನ್ ಸರ್ಟಿಫಿಕೇಟ್’. ನಾವು ಹೊಗೆ ಅನ್ನುತ್ತೇವೆ, ತೆಲುಗಿನವರು ಪೊಗ ಅನ್ನುತ್ತಾರೆ. ಹೆಸರು ಏನೇ ಇರಲಿ, ಕಾಗದ ಒಂದೇ. 2021ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಒಂದೇ ನಮೂನೆಯ ಪ್ರಮಾಣಪತ್ರವನ್ನು ಗೊತ್ತುಮಾಡಿತು. ಆದ್ದರಿಂದ ಗಡಿಯ ಆಚೆ ಮಾಡಿಸಿದರೂ ಈಚೆ ನಡೆಯುತ್ತದೆ.

ಕಾಗದ ಸಿಕ್ಕಿತು, ಸರಿ. ಆದರೆ ಅದರಲ್ಲಿ ಅಚ್ಚಾದ ಅಂಕಿ ನಿಜವೇ?

ಈ ಪ್ರಶ್ನೆ ನನಗೆ ಹುಟ್ಟಿದ್ದು ನನ್ನದೇ 2012ರ ಬೈಕಿನಿಂದ. ಒಂದು ಕೇಂದ್ರದಲ್ಲಿ ಇಂಗಾಲದ ಮೊನಾಕ್ಸೈಡ್ ಶೇ. 2.1 ಎಂದು ಬಂತು. ಅಂಥ ಬೈಕಿಗೆ ಮಿತಿ ಶೇ. 3.5. ಪಾಸ್! ಆದರೆ ಲೀಟರಿಗೆ 60 ಕಿ.ಮೀ. ಓಡುತ್ತಿದ್ದ ಗಾಡಿ 40ಕ್ಕೆ ಇಳಿದಿತ್ತು, ಪ್ಲಗ್ ಮಸಿ ಹಿಡಿದಿತ್ತು. ಮೆಕ್ಯಾನಿಕ್ ಚೀಟಿ ನೋಡಿ ನಕ್ಕ. “ಏನ್ ಸಾರ್, ಅವರು ಅಳೆದಿದ್ದು ಹೊಗೇನೋ, ಬರೀ ಗಾಳೀನೋ?” ಅಂದ. ಇನ್ನೊಂದು ಕಡೆ ಪರೀಕ್ಷೆ ಮಾಡಿಸಿದರೆ ಶೇ. 5.0! ಮೊದಲ ಕೇಂದ್ರದ ಯಂತ್ರದ ಪೈಪು ಬಿರುಕು ಬಿಟ್ಟಿತ್ತು ಎಂದು ಆಮೇಲೆ ತಿಳಿಯಿತು. ನಾನು ಓದಿದ್ದು ಬಿ.ಎ. ಆದರೂ ಈ ಯಂತ್ರದ ಒಳಗುಟ್ಟು ತಿಳಿಯಲು ವಿಜ್ಞಾನದ ಪದವಿ ಬೇಕಿಲ್ಲ.

ಹೊಗೆ ಹೋಗುವ ದಾರಿ

ಪೆಟ್ರೋಲ್ ಗಾಡಿಯ ಸೈಲೆನ್ಸರಿಗೆ ತೂರಿಸುವ ಲೋಹದ ಕಡ್ಡಿಗೆ ಪ್ರೋಬ್ ಎನ್ನುತ್ತಾರೆ. ಅಲ್ಲಿಂದ ರಬ್ಬರ್ ಪೈಪು, ಮಸಿ ತಡೆಯುವ ಫಿಲ್ಟರ್, ನೀರು ಹಿಡಿಯುವ ಪುಟ್ಟ ಬಟ್ಟಲು, ಆಮೇಲೆ ಪಂಪು. ಪಂಪು ಹೊಗೆಯನ್ನು ಎಳೆದು ಅಳತೆಯ ಕೋಣೆಗೆ ಕಳಿಸುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯುತ್ತದೆ. ಯಾವ ಅನಿಲ ಎಷ್ಟು ಬೆಳಕು ನುಂಗಿತು ಎಂಬುದರ ಮೇಲೆ ಅಂಕಿ ಬರುತ್ತದೆ. ಆಮ್ಲಜನಕ ಅಳೆಯಲು ಬೇರೆ ಸೆಲ್ ಇರುತ್ತದೆ.

ನೀರೆಲ್ಲಿಂದ ಬಂತು ಎನ್ನುತ್ತೀರಾ? ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಆ ಆವಿ ತಣ್ಣನೆಯ ಪೈಪಿನಲ್ಲಿ ಹನಿಯಾಗುತ್ತದೆ.

ಎಳನೀರಿನ ಸ್ಟ್ರಾ ನೆನಪು ಮಾಡಿಕೊಳ್ಳಿ. ಗಂಜಿ ಸಿಕ್ಕಿಕೊಂಡರೆ ಎಷ್ಟು ಹೀರಿದರೂ ನೀರು ಬರದು. ಸ್ಟ್ರಾ ತೂತಾದರೆ ನೀರಿನ ಬದಲು ಗಾಳಿ ಬರುತ್ತದೆ. ಈ ಯಂತ್ರಕ್ಕೆ ಬರುವ ಕಾಯಿಲೆಗಳೂ ಮುಖ್ಯವಾಗಿ ಈ ಎರಡೇ.

ಕಟ್ಟಿಕೊಂಡರೆ

ದಾರಿ ಕಟ್ಟಿಕೊಂಡರೆ ಪರದೆಯ ಮೇಲೆ ‘ಲೋ ಫ್ಲೋ’ ಎಂಬ ಎಚ್ಚರಿಕೆ ಬರುತ್ತದೆ. ಗಾಬರಿ ಬೇಡ, ಯಂತ್ರವನ್ನು ಬಿಚ್ಚುವುದೂ ಬೇಡ. ಹೊರಗಿನಿಂದ ಒಳಕ್ಕೆ ಒಂದೊಂದೇ ಹೆಜ್ಜೆ ಹೋಗಬೇಕು.

ಮೊದಲು ಪ್ರೋಬನ್ನು ಪೈಪಿನಿಂದ ತೆಗೆಯಿರಿ. ಎಚ್ಚರಿಕೆ ಹೋಯಿತೇ? ಹಾಗಾದರೆ ಪ್ರೋಬಿನ ತುದಿಯಲ್ಲೇ ಮಸಿ ತುಂಬಿದೆ. ಹೋಗಲಿಲ್ಲವೇ? ಪೈಪನ್ನು ಫಿಲ್ಟರಿನ ಹತ್ತಿರ ಕಳಚಿ. ಈಗ ಹೋದರೆ ಪೈಪು ಮಡಚಿದೆ, ಇಲ್ಲವೇ ಒಳಗೆ ನೀರು ನಿಂತಿದೆ. ಆಗಲೂ ಹೋಗದಿದ್ದರೆ ಯಂತ್ರವನ್ನು ನಿಲ್ಲಿಸಿ ಫಿಲ್ಟರ್ ನೋಡಿ, ನೀರಿನ ಬಟ್ಟಲು ಖಾಲಿ ಮಾಡಿ. ಕಪ್ಪಾದ, ಒದ್ದೆಯಾದ ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕಬಾರದು, ಹೊಸದೇ ಹಾಕಬೇಕು. ಫಿಲ್ಟರ್ ಇಲ್ಲದೆ ಓಡಿಸಿದರಂತೂ ಮಸಿ ನೇರವಾಗಿ ಅಳತೆಯ ಕೋಣೆಗೇ ಹೋಗುತ್ತದೆ. ಇಷ್ಟಾದ ಮೇಲೂ ಎಚ್ಚರಿಕೆ ಇದ್ದರೆ ತೊಂದರೆ ಪಂಪಿನಲ್ಲಿದೆ ಅಥವಾ ಒಳಗಿನ ಕೊಳವೆಯಲ್ಲಿದೆ. ಅದು ಕಂಪನಿಯ ತಂತ್ರಜ್ಞರ ಕೆಲಸ.

ಒಂದು ಮಾತು. ಪಂಕ್ಚರ್ ಅಂಗಡಿಯ ಗಾಳಿ ಹೊಡೆದು ಪೈಪು ಸ್ವಚ್ಛ ಮಾಡುವವರು ಅದನ್ನು ಯಂತ್ರದಿಂದ ಪೂರ್ತಿ ಬಿಡಿಸಿಯೇ ಹೊಡೆಯಬೇಕು. ಇಲ್ಲದಿದ್ದರೆ ಒಳಗಿನ ನಾಜೂಕು ಭಾಗಗಳು ಕೆಡುತ್ತವೆ.

ಸೋರಿದರೆ

ಇದೇ ದೊಡ್ಡ ಅಪಾಯ, ಏಕೆಂದರೆ ಗಾಳಿ ಸರಾಗವಾಗಿ ಹರಿಯುತ್ತಿರುವುದರಿಂದ ‘ಲೋ ಫ್ಲೋ’ ಎಚ್ಚರಿಕೆ ಬರುವುದಿಲ್ಲ. ಪಂಪಿಗಿಂತ ಮುಂಚೆ ಎಲ್ಲಿ ಬಿರುಕು ಬಿಟ್ಟರೂ ಹೊರಗಿನ ಗಾಳಿ ಒಳಗೆ ನುಗ್ಗಿ ಹೊಗೆಗೆ ಬೆರೆಯುತ್ತದೆ. ಹಾಲಿಗೆ ನೀರು ಬೆರೆಸಿದ ಹಾಗೆ! ನನ್ನ ಲೆಕ್ಕವನ್ನೇ ನೋಡಿ. ಶೇ. 5.0 ಇದ್ದದ್ದು ಶೇ. 2.1 ಎಂದು ಕಾಣಬೇಕಾದರೆ ಯಂತ್ರ ಎಳೆದದ್ದರಲ್ಲಿ ನೂರಕ್ಕೆ 58 ಪಾಲು ಬರೀ ಗಾಳಿ.

ಸೋರಿಕೆ ಪರೀಕ್ಷೆ ಬಹಳ ಸುಲಭ. ಪ್ರೋಬಿನ ರಂಧ್ರಗಳನ್ನು ರಬ್ಬರ್ ಮುಚ್ಚಳದಿಂದ ಮುಚ್ಚಿ ಪಂಪು ಓಡಿಸಬೇಕು. ಈಗ ‘ಲೋ ಫ್ಲೋ’ ಬರಲೇಬೇಕು! ಬರದಿದ್ದರೆ ಗಾಳಿ ಬೇರೆಲ್ಲಿಂದಲೋ ಬರುತ್ತಿದೆ ಎಂದೇ ಅರ್ಥ. ಪೈಪಿನ ಜೋಡಣೆ, ಫಿಲ್ಟರಿನ ಮುಚ್ಚಳ, ನೀರಿನ ಬಟ್ಟಲಿನ ರಬ್ಬರ್ ರಿಂಗು, ಇವನ್ನು ಒಂದೊಂದಾಗಿ ನೋಡಬೇಕು.

ಆಮ್ಲಜನಕದ ಅಂಕಿಯೂ ಸುಳಿವು ಕೊಡುತ್ತದೆ. ಬಯಲು ಗಾಳಿಯಲ್ಲಿ ಅದು ಶೇ. 20.9 ಇರುತ್ತದೆ. ಹೊಗೆಯಲ್ಲಿ ಬಹಳ ಕಡಿಮೆ ಇರಬೇಕು. ಗಾಡಿ ಓಡುತ್ತಿದ್ದರೂ ಅಂಕಿ 20ರ ಹತ್ತಿರವೇ ನಿಂತಿದ್ದರೆ ಯಂತ್ರ ಹೊಗೆಯನ್ನು ಎಳೆಯುತ್ತಲೇ ಇಲ್ಲ. ಆದರೆ ಆಮ್ಲಜನಕ ಸ್ವಲ್ಪ ಹೆಚ್ಚಿದ ಮಾತ್ರಕ್ಕೆ ಯಂತ್ರವನ್ನು ದೂರಬೇಡಿ. ಸೈಲೆನ್ಸರೇ ತೂತಾಗಿರಬಹುದು. ಹೊಗೆಯನ್ನು ಶುದ್ಧಮಾಡಲು ತಾನೇ ಗಾಳಿ ಬೆರೆಸುವ ಬೈಕುಗಳೂ ಇವೆ.

ಕಡ್ಡಿಯನ್ನು ಸೈಲೆನ್ಸರಿನೊಳಗೆ ಸುಮಾರು ಒಂದು ಅಡಿ ತೂರಿಸಬೇಕು. ಬಾಯಲ್ಲೇ ಇಟ್ಟರೆ ಪೈಪು ಚೆನ್ನಾಗಿದ್ದರೂ ಗಾಳಿ ಬೆರೆಯುತ್ತದೆ. ಪ್ರತಿ ಗಾಡಿಗೂ ಮುಂಚೆ ಯಂತ್ರ ಒಳ್ಳೆಯ ಗಾಳಿ ಎಳೆದುಕೊಂಡು ಸೊನ್ನೆಗೆ ಬರಬೇಕು. ಪಕ್ಕದಲ್ಲೇ ಇನ್ನೊಂದು ಗಾಡಿ ಹೊಗೆ ಬಿಡುತ್ತಿದ್ದರೆ ಆ ಸೊನ್ನೆಯೇ ಸುಳ್ಳಾಗುತ್ತದೆ. ಇನ್ನು ಡೀಸೆಲ್ ಗಾಡಿಗಳಿಗೆ ಹೊಗೆಯ ದಟ್ಟಣೆ ಅಳೆಯುವ ಬೇರೆಯೇ ಯಂತ್ರ ಇದೆ. ಅದರ ಕಥೆ ಬೇರೆ.

ನಮಗೇನು ನಷ್ಟ?

ಕಾಗದ ಇಲ್ಲದಿದ್ದರೆ ದಂಡ ಎಂಬುದು ಎಲ್ಲರಿಗೂ ಗೊತ್ತು. 2019ರ ತಿದ್ದುಪಡಿಯಾದ ಮೇಲೆ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಎಂದಿದೆ. ರಸ್ತೆಯಲ್ಲಿ ಕಟ್ಟಿಸಿಕೊಳ್ಳುವ ಮೊತ್ತ ಆಯಾ ರಾಜ್ಯಕ್ಕೆ ಬಿಟ್ಟದ್ದು. ಆದರೆ ಸುಳ್ಳು ಪಾಸು ಕೊಡುವ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ನನ್ನ ಬೈಕಿನ ಏರ್ ಫಿಲ್ಟರ್ ದೂಳಿನಿಂದ ಕಟ್ಟಿಕೊಂಡಿತ್ತು, ಅಷ್ಟೆ. ಅದನ್ನು ಬದಲಿಸಿ ಕಾರ್ಬೊರೇಟರ್ ಸರಿಮಾಡಿಸಿದ ಮೇಲೆ ಅಂಕಿ ಶೇ. 1.8ಕ್ಕೆ ಇಳಿಯಿತು, ಮೈಲೇಜೂ ಹಿಂದಕ್ಕೆ ಬಂತು. ‘ಪಾಸ್’ ಚೀಟಿ ನಂಬಿಕೊಂಡು ಅಷ್ಟು ತಿಂಗಳು ಪೆಟ್ರೋಲ್ ಸುರಿದೆನಲ್ಲ, ಅದನ್ನು ಯಾರು ಕೊಡುತ್ತಾರೆ? ಹಣ ಹೋದರೆ ಹೋಯಿತು. ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಗಾಡಿ ಚಾಲೂ ಇಟ್ಟರೆ ಪ್ರಾಣಕ್ಕೇ ಅಪಾಯ.

ಮುಂದಿನ ಸಲ ಹೊಗೆ ತಪಾಸಣೆಗೆ ಹೋದಾಗ ಆತುರ ಬೇಡ. ಯಂತ್ರ ಸೊನ್ನೆಗೆ ಬಂದದ್ದು, ಕಡ್ಡಿ ಪೂರ್ತಿ ಒಳಗೆ ಹೋದದ್ದು, ಪೈಪು ಗಟ್ಟಿಯಾಗಿರುವುದು, ಈ ಮೂರನ್ನು ಕಣ್ಣಾರೆ ನೋಡಿ. ಅನುಮಾನ ಬಂದರೆ “ಅಣ್ಣಾ, ಒಂದ್ಸಲ ತುದಿ ಮುಚ್ಚಿ ತೋರಿಸಿ” ಎಂದು ಕೇಳಿ. ಕನ್ನಡದಲ್ಲಾದರೂ ಸರಿ, ತೆಲುಗಿನಲ್ಲಾದರೂ ಸರಿ. ಯಂತ್ರ ಚೆನ್ನಾಗಿಟ್ಟುಕೊಂಡವರು ಬೇಸರ ಮಾಡಿಕೊಳ್ಳುವುದಿಲ್ಲ.