ಐದು ದಿನಗಳ ಅಂತರ: ಪ್ರೈಮರಿ ಕಾಲದ ಸಮೀಕ್ಷೆಗಳನ್ನು ಓದುವ ಬಗೆ

2008ರ ಜನವರಿ 8ರಂದು ಅಮೆರಿಕದ ಪುಟ್ಟ ರಾಜ್ಯ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಎರಡೂ ಪಕ್ಷಗಳ ಪ್ರೈಮರಿ ನಡೆಯಿತು. ಡೆಮಾಕ್ರಟಿಕ್ ಪಕ್ಷದಲ್ಲಿ ಬರಾಕ್ ಒಬಾಮ ಸರಾಸರಿ ಎಂಟು ಅಂಶಗಳಷ್ಟು ಮುಂದಿದ್ದಾರೆ ಎಂದು ಸಮೀಕ್ಷೆಗಳು ಹೇಳುತ್ತಿದ್ದವು. ರಾತ್ರಿ ಎಣಿಕೆ ಮುಗಿದಾಗ ಹಿಲರಿ ಕ್ಲಿಂಟನ್ ಶೇ. 39, ಒಬಾಮ ಶೇ. 36.5. ಸಮೀಕ್ಷೆ ನಡೆಸಿದವರು ಒಬ್ಬಿಬ್ಬರಲ್ಲ, ಎಲ್ಲರೂ ಒಂದೇ ದಿಕ್ಕಿನಲ್ಲಿ ತಪ್ಪಿದ್ದರು. ಆದರೆ ಅದೇ ದಿನ, ಅದೇ ರಾಜ್ಯದಲ್ಲಿ, ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಗೆಲ್ಲುತ್ತಾರೆಂದು ಹೇಳಿದ್ದು ನಿಜವಾಯಿತು, ಗೆಲುವಿನ ಅಂತರವೂ ಹೆಚ್ಚುಕಡಿಮೆ ಸರಿಯಾಗಿತ್ತು. ಆದ್ದರಿಂದ ಸಮೀಕ್ಷೆಗಳೆಲ್ಲ ಬೊಗಳೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಒಂದು ಕಡೆ ಸರಿಯಾಗಿ ನಡೆದ ವಿಧಾನ ಮತ್ತೊಂದು ಕಡೆ ಏಕೆ ಎಡವಿತು ಎಂದು ಕೇಳಬೇಕು.

ಅದಕ್ಕೆ ಮೊದಲು ಪ್ರೈಮರಿ ಎಂದರೇನೆಂದು ತಿಳಿಯಬೇಕು. ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂದು ಮತದಾರರೇ ಮತ ಹಾಕಿ ಹೇಳುವ ಚುನಾವಣೆ ಅದು. ನಮ್ಮಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಪಕ್ಷದ ಹೈಕಮಾಂಡ್ ತೀರ್ಮಾನಿಸುತ್ತದೆ, ಬಿ ಫಾರಂ ಯಾರ ಕೈಸೇರಬೇಕು ಎನ್ನುವುದರಲ್ಲಿ ಮತದಾರರಿಗೆ ಮಾತಿಲ್ಲ. ಅಮೆರಿಕದಲ್ಲೂ ಬಹುಕಾಲ ಹೀಗೆಯೇ ಇತ್ತು. 1952ರಲ್ಲಿ ಸೆನೆಟರ್ ಎಸ್ಟಿಸ್ ಕೆಫಾವರ್ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಾಲಿ ಅಧ್ಯಕ್ಷ ಟ್ರೂಮನ್‌ರನ್ನೇ ಸೋಲಿಸಿದರು, ಮುಂದೆ ಬಹುತೇಕ ಪ್ರೈಮರಿಗಳನ್ನೂ ಗೆದ್ದರು. ಆದರೂ ಪಕ್ಷದ ಸಮಾವೇಶ ಆರಿಸಿದ್ದು ಆಡ್ಲೈ ಸ್ಟೀವನ್‌ಸನ್‌ರನ್ನು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಪ್ರೈಮರಿಗಳ ಕಣಕ್ಕೆ ಇಳಿಯದೆಯೇ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧದ ವಿರುದ್ಧ ಸಿಡಿದಿದ್ದ ಯುವಜನರು ಶಿಕಾಗೋದ ಬೀದಿಗಳಲ್ಲಿ ಪೊಲೀಸರ ಲಾಠಿಗೆ ಸಿಕ್ಕಿದ್ದು ಆ ವರ್ಷದ ಸಮಾವೇಶದ ಹೊತ್ತಿನಲ್ಲಿಯೇ. ಆ ಗಾಯದಿಂದ ಹುಟ್ಟಿದ್ದು, ಅಭ್ಯರ್ಥಿ ಆಯ್ಕೆಯ ನಿಯಮಗಳನ್ನು ತಿದ್ದಿದ ಮೆಕ್‌ಗವರ್ನ್–ಫ್ರೇಸರ್ ಆಯೋಗ. 1972ರಿಂದ ಅಭ್ಯರ್ಥಿಯನ್ನು ಆರಿಸುವ ಹಕ್ಕು ನಿಜಕ್ಕೂ ಸಾಮಾನ್ಯ ಮತದಾರರ ಕೈಗೆ ಬಂತು. ಪ್ರಜಾಪ್ರಭುತ್ವದ ಇತಿಹಾಸದಲ್ಲಿ ಇದು ದೊಡ್ಡ ಹೆಜ್ಜೆ ಎಂದೇ ನಾನು ಭಾವಿಸುತ್ತೇನೆ.

ಆದರೆ ಈ ಮತದಾನ ಇಡೀ ದೇಶದಲ್ಲಿ ಒಂದೇ ದಿನ ನಡೆಯುವುದಿಲ್ಲ. ಜನವರಿ ಇಲ್ಲವೇ ಫೆಬ್ರವರಿಯಲ್ಲಿ ಶುರುವಾಗಿ ಜೂನ್‌ವರೆಗೆ, ರಾಜ್ಯದಿಂದ ರಾಜ್ಯಕ್ಕೆ ಸಾಗುತ್ತದೆ. ಕೆಲವು ಕಡೆ ಗುಪ್ತ ಮತದಾನದ ಪ್ರೈಮರಿ. ಇನ್ನು ಕೆಲವು ಕಡೆ ಕಾಕಸ್, ಅಂದರೆ ಸಂಜೆ ಶಾಲೆಯಲ್ಲೋ ಚರ್ಚಿನಲ್ಲೋ ಸೇರಿ ನಡೆಸುವ ಪಕ್ಷದ ಸಭೆ. 2007ರ ಉದ್ದಕ್ಕೂ ಪತ್ರಿಕೆಗಳು ಅಚ್ಚುಹಾಕಿದ್ದು ರಾಷ್ಟ್ರಮಟ್ಟದ ಅಂಕಿಗಳನ್ನು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಕ್ಲಿಂಟನ್ ಕೆಲವು ಸಮೀಕ್ಷೆಗಳಲ್ಲಿ ಒಬಾಮರಿಗಿಂತ 20ಕ್ಕೂ ಹೆಚ್ಚು ಅಂಶ ಮುಂದಿದ್ದರು. ರಿಪಬ್ಲಿಕನ್ ಕಡೆ ನ್ಯೂಯಾರ್ಕಿನ ಮಾಜಿ ಮೇಯರ್ ರೂಡಿ ಜೂಲಿಯಾನಿ ವರ್ಷದ ಬಹುಪಾಲು ಮೊದಲ ಸ್ಥಾನದಲ್ಲಿದ್ದರು. ಆದರೆ ರಾಷ್ಟ್ರಮಟ್ಟದ ಪ್ರೈಮರಿ ಎಂಬುದೇ ಇಲ್ಲ! ನಡೆಯದ ಚುನಾವಣೆಯ ಬಗ್ಗೆ, ಅಭ್ಯರ್ಥಿಗಳ ಹೆಸರನ್ನಷ್ಟೇ ಕೇಳಿದ್ದ ಜನರನ್ನು ಪ್ರಶ್ನಿಸಿ ಪಡೆದ ಉತ್ತರ ಅದು. ಆರಂಭದ ರಾಜ್ಯಗಳನ್ನು ಬಿಟ್ಟು ಫ್ಲಾರಿಡಾವನ್ನೇ ನಂಬಿ ಕಾದ ಜೂಲಿಯಾನಿ, ಜನವರಿ 29ರಂದು ಅಲ್ಲಿ ಮೂರನೆಯವರಾದರು. ಮರುದಿನವೇ ಕಣದಿಂದ ಹಿಂದೆ ಸರಿದರು.

ಪ್ರೈಮರಿಯಲ್ಲಿ ಅಭಿಪ್ರಾಯ ಮೊದಲು, ಮತ ಆಮೇಲೆ ಎಂದು ನಾವು ತಿಳಿದಿರುತ್ತೇವೆ. ಅಲ್ಲಿ ನಡೆಯುವುದು ಬಹುಮಟ್ಟಿಗೆ ಇದರ ಹಿಂದುಮುಂದು. ಒಂದು ರಾಜ್ಯದಲ್ಲಿ ಬಿದ್ದ ಮತ ಮುಂದಿನ ರಾಜ್ಯದ ಅಭಿಪ್ರಾಯವನ್ನು ಹುಟ್ಟಿಸುತ್ತದೆ. ನವೆಂಬರಿನ ಅಂತಿಮ ಚುನಾವಣೆಯಲ್ಲಿ ಹೆಚ್ಚಿನವರಿಗೆ ಪಕ್ಷವೇ ದಾರಿ ತೋರಿಸುತ್ತದೆ, ಅದು ಬೇಗ ಬದಲಾಗುವುದಿಲ್ಲ. ಪ್ರೈಮರಿಯಲ್ಲಿ ಎಲ್ಲರೂ ಒಂದೇ ಪಕ್ಷದವರು, ನಿಲುವುಗಳೂ ಹತ್ತಿರ ಹತ್ತಿರ. ಇವರಲ್ಲದಿದ್ದರೆ ಅವರು ಎಂದು ಮನಸ್ಸು ಹೊರಳುವುದು ಸುಲಭ.

2008ರ ಜನವರಿ 3ರಂದು ಅಯೋವಾ ಕಾಕಸ್ ನಡೆಯಿತು. ಅದಕ್ಕೆ ಕೆಲವೇ ದಿನ ಮೊದಲು ಆ ರಾಜ್ಯದ ಪತ್ರಿಕೆ ಡೆ ಮಾಯ್ನ್ ರೆಜಿಸ್ಟರ್‌ಗಾಗಿ ಆನ್ ಸೆಲ್ಜರ್ ಮಾಡಿದ ಸಮೀಕ್ಷೆ ಒಬಾಮ 32, ಕ್ಲಿಂಟನ್ 25, ಜಾನ್ ಎಡ್ವರ್ಡ್ಸ್ 24 ಎಂದಿತು. ಕಾಕಸ್‌ಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ಬಾರಿ ಬರುವವರು ಎಂಬುದು ಆ ಸಮೀಕ್ಷೆಯ ಲೆಕ್ಕ. ಹಿಂದಿನ ಅನುಭವ ಬಲ್ಲವರು ಇದು ಅಸಾಧ್ಯವೆಂದರು. ಆದರೆ ಆ ಚಳಿಯ ರಾತ್ರಿ 2004ರ ಸುಮಾರು ಎರಡರಷ್ಟು ಜನ ಬಂದರು, ಹೆಚ್ಚಿನವರು ಹೊಸಬರೇ. ಒಬಾಮ ಎಂಟು ಅಂಶಗಳಿಂದ ಗೆದ್ದರು, ಕ್ಲಿಂಟನ್ ಮೂರನೆಯ ಸ್ಥಾನಕ್ಕೆ ಇಳಿದರು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿ ನೋಡಿದರೆ ಸಾಕು. ಸಮೀಕ್ಷೆಯ ಗಣಿತ ನಿಂತಿರುವುದು ಈ ತಿಳಿವಳಿಕೆಯ ಮೇಲೆಯೇ. ಸಾವಿರ ಜನರನ್ನು ಸರಿಯಾಗಿ ಆಯ್ದರೆ ಕೋಟಿ ಜನರ ಮನಸ್ಸನ್ನು ಶೇ. 3ರಷ್ಟು ಆಚೀಚೆಯ ದೋಷದಲ್ಲಿ ಹೇಳಬಹುದು. ಆದರೆ ಪ್ರೈಮರಿಯಲ್ಲಿ ಪಾತ್ರೆಗೆ ಯಾವ ಅಕ್ಕಿ ಬೀಳಲಿದೆ ಎಂಬುದೇ ಸಮೀಕ್ಷೆಯ ದಿನ ಗೊತ್ತಿರುವುದಿಲ್ಲ. ಮತ ಹಾಕಲು ಬರುವವರು ಕಡಿಮೆ, ಅವರು ಯಾರೆಂಬುದು ಬರೀ ಅಂದಾಜು. ಸೆಲ್ಜರ್ ಹಳೆಯ ಲೆಕ್ಕವನ್ನು ಜನರ ಮೇಲೆ ಹೇರಲಿಲ್ಲ. ಬರುತ್ತೇವೆ ಎಂದವರ ಮಾತನ್ನು ನಂಬಿದರು, ಅದು ಫಲ ಕೊಟ್ಟಿತು. ಇನ್ನೊಂದು ಮಾತು: ಶೇ. 3ರ ದೋಷ ಒಬ್ಬೊಬ್ಬ ಅಭ್ಯರ್ಥಿಯ ಅಂಕಿಗೆ ಅನ್ವಯಿಸುವುದು. ಇಬ್ಬರ ನಡುವಿನ ಅಂತರಕ್ಕೆ ಬಂದರೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ನಾಲ್ಕು ಅಂಶಗಳ ಮುನ್ನಡೆಯನ್ನು ದಪ್ಪಕ್ಷರದ ತಲೆಬರಹವಾಗಿಸುವ ಪತ್ರಿಕೆ ಓದುಗರಿಗೆ ಅನ್ಯಾಯ ಮಾಡುತ್ತದೆ.

ಅಯೋವಾದಿಂದ ನ್ಯೂ ಹ್ಯಾಂಪ್‌ಶೈರ್‌ಗೆ ಆ ವರ್ಷ ಇದ್ದದ್ದು ಐದೇ ದಿನ. ಅಯೋವಾದ ಗೆಲುವಿನ ಬಿಸಿಯಲ್ಲಿ ಒಬಾಮರ ಅಂಕಿ ಏರಿತು, ಸಮೀಕ್ಷೆಗಳು ಅದನ್ನು ಹಿಡಿದವು. ಅಷ್ಟರಲ್ಲಿ ಸಮಯ ಮುಗಿಯಿತು. ಮತದಾನದ ಹಿಂದಿನ ದಿನ ಪೋರ್ಟ್ಸ್‌ಮತ್ ಊರಿನ ಕೆಫೆಯೊಂದರಲ್ಲಿ ಮತದಾರರ ಜೊತೆ ಮಾತಾಡುತ್ತ ಕ್ಲಿಂಟನ್ ಗದ್ಗದಿತರಾದರು, ಆ ದೃಶ್ಯ ದಿನವಿಡೀ ಟಿವಿಯಲ್ಲಿ ಬಂತು. ಇದರಿಂದಲೇ ಫಲಿತಾಂಶ ತಿರುಗಿತು ಎಂದು ಅನೇಕರು ಬರೆದರು. ಆದರೆ ಒಂದು ದೃಶ್ಯಕ್ಕೆ ಇಷ್ಟು ದೊಡ್ಡ ಪರಿಣಾಮವನ್ನು ಕಟ್ಟಲು ನನಗೆ ಮನಸ್ಸು ಬಾರದು. ಅಮೆರಿಕದ ಜನಾಭಿಪ್ರಾಯ ಸಂಶೋಧಕರ ಸಂಘ ಈ ಸೋಲನ್ನು ಮುಚ್ಚಿಡದೆ ತನಿಖೆಗೆ ಸಮಿತಿ ರಚಿಸಿ, 2009ರಲ್ಲಿ ವರದಿ ಹೊರತಂದಿತು. ಅದರಲ್ಲಿ ಒಂದು ಕಾರಣವಲ್ಲ, ಹಲವು ಸಣ್ಣ ಕಾರಣಗಳಿದ್ದವು. ಕೆಲವು ಸಮೀಕ್ಷೆಗಳು ಬೇಗನೇ ನಿಂತಿದ್ದವು. ಮೊದಲ ಒಂದೆರಡು ಫೋನ್ ಕರೆಗೇ ಸಿಕ್ಕವರಲ್ಲಿ ಒಬಾಮ ಬೆಂಬಲಿಗರು ಹೆಚ್ಚು. ಮತ್ತೆ ಮತ್ತೆ ಕರೆ ಮಾಡಿ ಹಿಡಿಯಬೇಕಾದವರಲ್ಲಿ ಕ್ಲಿಂಟನ್ ಕಡೆಯವರು ಹೆಚ್ಚು. ಅವಸರದಲ್ಲಿ ಅಷ್ಟು ಬಾರಿ ಕರೆ ಮಾಡುವ ವ್ಯವಧಾನ ಯಾರಿಗಿತ್ತು? ಮತಪತ್ರದಲ್ಲಿ ಕ್ಲಿಂಟನ್ ಹೆಸರು ಮೇಲ್ಭಾಗದಲ್ಲಿ, ಒಬಾಮ ಹೆಸರು ಕೆಳಭಾಗದಲ್ಲಿ ಇದ್ದದ್ದೂ ಒಂದಿಷ್ಟು ಮತಗಳನ್ನು ಸರಿಸಿರಬಹುದು. ವಿಜ್ಞಾನ ತನ್ನ ತಪ್ಪನ್ನು ಹೀಗೆ ಬಿಚ್ಚಿ ನೋಡುವುದು ನನಗೆ ತುಂಬ ಇಷ್ಟವಾದ ಸಂಗತಿ.

ಸಮೀಕ್ಷೆ ಹೇಳದ ಇನ್ನೊಂದು ಲೆಕ್ಕವಿದೆ: ಡೆಲಿಗೇಟ್‌ಗಳದ್ದು. ಅಭ್ಯರ್ಥಿಯನ್ನು ಆರಿಸುವುದು ಸಮಾವೇಶಕ್ಕೆ ಹೋಗುವ ಈ ಪ್ರತಿನಿಧಿಗಳ ಸಂಖ್ಯೆ. ಡೆಮಾಕ್ರಟಿಕ್ ಪಕ್ಷದಲ್ಲಿ ಮತದ ಪಾಲಿಗೆ ತಕ್ಕಂತೆ ಅವರು ಹಂಚಿಹೋಗುತ್ತಾರೆ. 2008ರ ಫೆಬ್ರವರಿ 5ರ ‘ಸೂಪರ್ ಟ್ಯೂಸ್‌ಡೇ’ ದಿನ 20ಕ್ಕೂ ಹೆಚ್ಚು ರಾಜ್ಯಗಳು ಮತ ಹಾಕಿದವು. ದೊಡ್ಡ ರಾಜ್ಯ ನ್ಯೂ ಜೆರ್ಸಿಯನ್ನು ಕ್ಲಿಂಟನ್ ಗೆದ್ದರು. ಅಲ್ಲಿ ಡೆಲಿಗೇಟ್‌ಗಳ ಪಾಲು 59–48, ಅಂದರೆ 11ರ ಲಾಭ. ಪುಟ್ಟ ಐಡಹೋ ಕಾಕಸ್‌ನಲ್ಲಿ ಒಬಾಮ 15–3ರಿಂದ ಗೆದ್ದು 12ರ ಲಾಭ ಪಡೆದರು. ಮುಂದೆ ಟೆಕ್ಸಸ್‌ನಲ್ಲಿ ಹಗಲು ನಡೆದ ಪ್ರೈಮರಿಯನ್ನು ಕ್ಲಿಂಟನ್ ಗೆದ್ದರೂ, ಸಂಜೆಯ ಕಾಕಸ್ ಸೇರಿ ಹೆಚ್ಚು ಡೆಲಿಗೇಟ್‌ಗಳು ದಕ್ಕಿದ್ದು ಒಬಾಮರಿಗೆ. ಒಬಾಮರ ತಂಡ ಈ ನಿಯಮಗಳನ್ನು ಮೊದಲೇ ಕೂತು ಓದಿತ್ತು. ಜೂನ್ 3ರಂದು ಅವರು ಬೇಕಾದ ಸಂಖ್ಯೆಯನ್ನು ದಾಟಿದರು.

ಮತವೇ ಅಭಿಪ್ರಾಯವನ್ನು ಹುಟ್ಟಿಸುವುದಕ್ಕೆ 2020ಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಫೆಬ್ರವರಿಯಲ್ಲಿ ರಾಷ್ಟ್ರಮಟ್ಟದ ಸಮೀಕ್ಷೆಗಳಲ್ಲಿ ಬರ್ನಿ ಸ್ಯಾಂಡರ್ಸ್ ಮುಂದೆ ಹೋದರು. ಫೆಬ್ರವರಿ 29ರಂದು ಸೌತ್ ಕೆರೊಲೈನಾದ ಕಪ್ಪು ಜನಾಂಗದ ಮತದಾರರು ಬೈಡನ್‌ರ ಕೈಹಿಡಿದರು, ಒಟ್ಟು ಮತದಲ್ಲಿ ಅರ್ಧದಷ್ಟು ಅವರಿಗೇ ಬಂತು. ಮಾರ್ಚ್ 1ರಂದು ಪೀಟ್ ಬುಟಿಜೆಜ್, ಮಾರ್ಚ್ 2ರಂದು ಏಮಿ ಕ್ಲೋಬುಶಾರ್ ಹಿಂದೆ ಸರಿದು ಬೈಡನ್‌ರಿಗೆ ಬೆಂಬಲ ಸಾರಿದರು. ಮಾರ್ಚ್ 3ರಂದು 14 ರಾಜ್ಯಗಳಲ್ಲಿ 10 ಬೈಡನ್ ಪಾಲಾದವು. ಆ ಮೂರು ದಿನಗಳಲ್ಲಿ ಮನಸ್ಸು ಬದಲಿಸುವ ಅವಕಾಶ ಎಲ್ಲರಿಗೂ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಂಚೆ ಮತಪತ್ರಗಳು ವಾರಗಳ ಮೊದಲೇ ಮನೆಗಳಿಗೆ ಬಂದಿದ್ದವು, ಅನೇಕರು ತುಂಬಿ ಕಳಿಸಿಯೂ ಆಗಿತ್ತು. ಆ ರಾಜ್ಯ ಸ್ಯಾಂಡರ್ಸ್‌ಗೆ ಗೆಲುವು ಕೊಟ್ಟಿತು. ಎರಡು ದಿನ ಮೊದಲೇ ಕಣ ಬಿಟ್ಟಿದ್ದ ಬುಟಿಜೆಜ್ ಹೆಸರಿಗೂ ಅಲ್ಲಿ ಲಕ್ಷಗಟ್ಟಲೆ ಮತಗಳು ಎಣಿಕೆಯಾದವು.