ಕೋಳಿಮನೆಯ ಹಾಸು ಮತ್ತು ಮೊಟ್ಟೆಯ ಗೂಡು

ಹಿತ್ತಿಲಲ್ಲಿ ಹತ್ತು ಕೋಳಿ ಸಾಕಿದ ಮನೆಯಲ್ಲಿ ಮೊಟ್ಟೆಯ ಹಣ ಸಾಮಾನ್ಯವಾಗಿ ಮನೆಯಾಕೆಯ ಕೈ ಸೇರುತ್ತದೆ. ಉಪ್ಪು-ಎಣ್ಣೆಗೆ, ಮಕ್ಕಳ ಪುಸ್ತಕಕ್ಕೆ ಒದಗುವುದು ಆ ಹಣವೇ. ಹನ್ನೆರಡು ಮರಿ ಹೊರಬಂದು, ತಿಂಗಳು ತುಂಬುವುದರೊಳಗೆ ಆರು ಸತ್ತರೆ ಅವಳ ಗಂಟು ಅರ್ಧ ಕರಗಿದಂತೆ. "ದೃಷ್ಟಿ ತಗಲಿತು, ಗಾಳಿ ಸೋಕಿತು" ಎಂದು ನಾವು ಸುಮ್ಮನಾಗುತ್ತೇವೆ. ಮರಿ ಸಾಯುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಮಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಅದೇ ಮರಿಯ ಕಾಲಡಿಯ ಹಾಸು.

ಮರಿಯು ಹಾಸಿನ ಮೇಲೆಯೇ ಮಲಗುತ್ತದೆ, ಅಲ್ಲಿಯೇ ಹಿಕ್ಕೆ ಹಾಕುತ್ತದೆ, ಅದನ್ನೇ ಕೆದರಿ ಕುಕ್ಕುತ್ತದೆ, ಅದರ ಧೂಳನ್ನೇ ಉಸಿರಾಡುತ್ತದೆ. ಆದಕಾರಣ ಹಾಸು ತೇವವನ್ನು ಹೀರಿ ಬೇಗ ಆರುವಂತಿರಬೇಕು; ಬೂಷ್ಟು ಹಿಡಿದಿರಬಾರದು; ಮರಿ ನುಂಗುವಷ್ಟು ಸಣ್ಣದಾಗಿರಬಾರದು; ಕಾಲು ಜಾರಿಸಬಾರದು.

ಯಾವುದನ್ನು ಹಾಸಬೇಕು?

ಭತ್ತದ ಉಮಿ ಸಿಗುವ ಕಡೆ ಅದೇ ಸಾಕು. ಬಡಗಿ ಕೀಸುಳಿ ಹೊಡೆಯುವಾಗ ಬೀಳುವ ಸುರುಳಿ ಚಕ್ಕೆಯೂ ಉತ್ತಮ. ಆದರೆ ಗೆದ್ದಲಿನ ಔಷಧಿ ಹಚ್ಚಿದ ಮರದ್ದು ಬೇಡ. ಹೊಸೂರು, ತಾಳವಾಡಿಯವರು ರಾಗಿಹುಲ್ಲನ್ನು, ಸೊಲ್ಲಾಪುರ, ಜತ್ತದವರು ಜೋಳದ ಕಣಿಕೆಯನ್ನು ಅಂಗುಲದುದ್ದ ಕತ್ತರಿಸಿ ಹಾಸಬಹುದು. ಉದ್ದವಾಗಿ ಬಿಟ್ಟರೆ ಅದು ಹೆಣೆದುಕೊಂಡು ತೇವ ಒಳಗೇ ಉಳಿಯುತ್ತದೆ. ಕಾಸರಗೋಡಿನ ಕಡೆ ಹಟ್ಟಿಗೆ ಹಾಕುವ ತರಗೆಲೆ ದನಕ್ಕೆ ಸರಿ, ಮರಿಗಳಿಗಲ್ಲ. ನೆನೆದ ಎಲೆಗಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟುತ್ತವೆ.

ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಯವರಿಗೆ ಶೇಂಗಾ ಸಿಪ್ಪೆ ಸುಲಭವಾಗಿ ಸಿಗುತ್ತದೆ. ಅದು ತೇವ ಹೀರುತ್ತದೆ, ನಿಜ. ಆದರೆ ಬೂಷ್ಟಿಗೂ ಅದು ಪ್ರಿಯ. ಬೂಷ್ಟಿನ ಪುಡಿ ಉಸಿರಿನೊಡನೆ ಒಳಹೊಕ್ಕರೆ ಮರಿ ಬಾಯಿ ತೆರೆದು ಏದುತ್ತದೆ. ಆ ಮೇಲೆ ಉಳಿಯುವುದು ಕಷ್ಟ. ಸಿಪ್ಪೆಯಲ್ಲಿ ಉಳಿದ ಬೂಷ್ಟು ಕಾಳನ್ನು ಕುಕ್ಕಿದರೂ ಅಪಾಯವೇ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಆ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಆದ್ದರಿಂದ ಸಿಪ್ಪೆಯನ್ನು ಬಿಸಿಲಿಗೆ ಹರವಿ, ಚೆನ್ನಾಗಿ ಒಣಗಿಸಿ, ಮುಗ್ಗಲು ವಾಸನೆ ಇಲ್ಲವೆಂದು ನೋಡಿಯೇ ಬಳಸಿರಿ.

ಗರಗಸದ ಹುಡಿಯನ್ನು ಎಳೆಮರಿಗಳಿಗೆ ಹಾಕಬೇಡಿರಿ. ಮೊದಲ ದಿನಗಳಲ್ಲಿ ಮರಿಗೆ ಹಾಸು ಯಾವುದು, ಮೇವು ಯಾವುದು ಎಂಬುದು ತಿಳಿಯದು. ಹುಡಿಯನ್ನೇ ತಿಂದು ಕೊರಳ ಬುಡದ ಚೀಲ ತುಂಬಿಸಿಕೊಂಡರೆ ಮೇವು ಮುಂದೆ ಸಾಗದೆ ಸೊರಗಿ ಸಾಯುತ್ತದೆ. ಯಾವ ಹಾಸೇ ಇರಲಿ, ಮೊದಲ ನಾಲ್ಕೈದು ದಿನ ಅದರ ಮೇಲೆ ಒರಟು ಕಾಗದ ಹರಡಿ, ಹೊಲಸಾದಂತೆ ಬದಲಿಸಿರಿ. ನುಣುಪು ಕಾಗದವಾದರೆ ಕಾಲು ಎರಡು ಕಡೆಗೆ ಜಾರಿ ಮರಿ ಕುಂಟಾಗುತ್ತದೆ.

ತೇವದ ಪರೀಕ್ಷೆ

ಮರಿಗಳಿಗೆ ಎರಡು ಅಂಗುಲ, ಬೆಳೆದ ಕೋಳಿಗಳಿಗೆ ನಾಲ್ಕರಿಂದ ಆರು ಅಂಗುಲ ದಪ್ಪದ ಹಾಸು ಬೇಕು. ಶಾಲೆಯ ಮಕ್ಕಳಿಗೂ ನಾನು ಹೇಳಿಕೊಡುವ ಪರೀಕ್ಷೆ ಇದು: ಒಂದು ಹಿಡಿ ಹಾಸನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿರಿ. ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚು. ಸ್ವಲ್ಪ ಕೂಡಿಕೊಂಡು ಉದುರಿದರೆ ಸರಿ. ಕೂಡಿಕೊಳ್ಳದೆ ಧೂಳೆದ್ದರೆ ಅತಿ ಒಣ. ಇನ್ನು, ಮರಿಯ ಎತ್ತರಕ್ಕೆ ಬಗ್ಗಿ ಉಸಿರೆಳೆದು ನೋಡಿರಿ. ನಮ್ಮ ಕಣ್ಣು ಉರಿದರೆ ಮರಿಯ ಕಣ್ಣೂ ಉರಿಯುತ್ತಿರುತ್ತದೆ.

ರಕ್ತಭೇದಿಯ ಬೀಜವು ಹಿಕ್ಕೆಯೊಡನೆ ಬೀಳುತ್ತದೆ. ತೇವವೂ ಬೆಚ್ಚನೆಯೂ ಸಿಕ್ಕರೆ ಅದು ಒಂದೆರಡು ದಿನದಲ್ಲಿಯೇ ಬಲಿತು ರೋಗ ಹರಡಲು ಸಿದ್ಧವಾಗುತ್ತದೆ. ನೀರಿನ ಬಟ್ಟಲ ಸುತ್ತ ಒದ್ದೆಯಾದ ಹಾಸನ್ನು ಆಯಾ ದಿನವೇ ತೆಗೆದು ಒಣಗಿದ್ದನ್ನು ಹಾಕಿರಿ. ವಾರಕ್ಕೆರಡು ಸಲ ಎಲ್ಲವನ್ನೂ ಕೆದಕಿರಿ. ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಪಶುವೈದ್ಯರನ್ನು ಕೇಳಿರಿ.

ಮೊಟ್ಟೆಯ ಗೂಡು

ಓತಿಕ್ಯಾತವು ತೇವದ ಮಣ್ಣು ತೋಡಿ ಮೊಟ್ಟೆಯಿಡುತ್ತದೆ. ಚರ್ಮದಂಥ ಅದರ ಸಿಪ್ಪೆ ಮಣ್ಣಿನಿಂದ ನೀರು ಹೀರುತ್ತದೆ. ಕೋಳಿಮೊಟ್ಟೆಯ ರೀತಿ ಬೇರೆ. ಅದರ ಗಟ್ಟಿ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ಇಟ್ಟಾಗ ಬಿಸಿಯಾಗಿದ್ದ ಮೊಟ್ಟೆ ಆರುತ್ತಿದ್ದಂತೆ ಒಳಗಿನದು ಕುಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಕೆಳಗೆ ಒದ್ದೆ ಹೊಲಸಿದ್ದರೆ ರೋಗಾಣುಗಳೂ ಒಳಸೇರುತ್ತವೆ. ಕಾವಿಗಿಟ್ಟ ಮೊಟ್ಟೆ ಕೊಳೆಯುವುದಕ್ಕೆ ಇದೊಂದು ಕಾರಣ.

ಒಂದಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆ ನಾಲ್ಕೈದು ಕೋಳಿಗಳಿಗೆ ಸಾಕು. ಹುಲ್ಲು ಚೆಲ್ಲದಂತೆ ಮುಂದುಗಡೆ ನಾಲ್ಕಂಗುಲದ ಪಟ್ಟಿ ಬಡಿಯಿರಿ. ನಸುಗತ್ತಲಿರುವ, ಗದ್ದಲವಿಲ್ಲದ ಮೂಲೆಯಲ್ಲಿ ನೆಲದಿಂದ ಎತ್ತರದಲ್ಲಿಡಿರಿ. ಎರಡು-ಮೂರು ಅಂಗುಲ ಒಣಹುಲ್ಲು ಹಾಕಿ, ಹೊಲಸಾದೊಡನೆ ಬದಲಿಸಿರಿ. ಮೊಟ್ಟೆಯನ್ನು ದಿನಕ್ಕೆರಡು ಸಲ ಎತ್ತಿರಿ. ಕಾವಿಗಿಡುವ ಮೊಟ್ಟೆಯನ್ನು ತೊಳೆಯಬೇಡಿರಿ, ಸ್ವಚ್ಛವಾದುದನ್ನೇ ಆರಿಸಿರಿ.

ಕಾವಿಗೆ ಕೂತ ಕೋಳಿಗೆ ಪ್ರತ್ಯೇಕ ಬುಟ್ಟಿ ಬೇಕು. ಇಪ್ಪತ್ತೊಂದು ದಿನ ಅವಳು ಏಳುವುದು ಅಪರೂಪ. ಹುಲ್ಲಿನಲ್ಲಿ ಹೇನಿದ್ದರೆ ಗೂಡು ಬಿಟ್ಟೇ ಹೋದಾಳು. ಕೂರಿಸುವ ಮೊದಲು ಹಳೆಯ ಹುಲ್ಲನ್ನು ಸುಟ್ಟು, ಬುಟ್ಟಿಯನ್ನು ಬಿಸಿಲಿಗಿಟ್ಟು, ಹೊಸ ಹುಲ್ಲು ಹಾಕಿರಿ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಗೂಡಿಗೆ ಎರಚಬೇಡಿರಿ.

ತೆಗೆದ ಹಾಸನ್ನು ಬಿಸಾಡಬೇಕಾಗಿಲ್ಲ. ತಿಪ್ಪೆಯಲ್ಲಿ ಚೆನ್ನಾಗಿ ಕೊಳೆಸಿದರೆ ಹೊಲಕ್ಕೆ ಬಲವಾದ ಗೊಬ್ಬರ. ಮಳೆಗಾಲಕ್ಕೆ ಸೌದೆ ಕೂಡಿಡುವಂತೆ, ನಾಲ್ಕು ಚೀಲ ಒಣ ಹಾಸನ್ನೂ ಈಗಲೇ ಕಟ್ಟಿ ಅಟ್ಟಕ್ಕೇರಿಸಿರಿ.